ಆಷಾಢದ ಬಾಗಿಲು, ಬೇಸ್ ಗಿಟಾರಿನ ಕುತ್ತಿಗೆ

ಆಷಾಢ ಹಿಡಿಯಿತೆಂದರೆ ನಮ್ಮ ಮಲೆನಾಡಿನ ಮನೆಗಳಲ್ಲಿ ಮೊದಲು ಮುನಿಸಿಕೊಳ್ಳುವುದು ಬಾಗಿಲು. ಯುಗಾದಿಯ ಹೊತ್ತಿಗೆ ಬೆರಳು ತಾಗಿಸಿದರೆ ತೆರೆದುಕೊಳ್ಳುತ್ತಿದ್ದ ಹಲಸಿನ ಕದ ಈಗ ಚೌಕಟ್ಟನ್ನು ಕಚ್ಚಿ ಹಿಡಿದು, ಹೆಗಲು ಕೊಟ್ಟರೂ ಜಗ್ಗುವುದಿಲ್ಲ. ಹಾಗೆಂದು ಬಾಗಿಲು ಕೆಟ್ಟಿತು ಎಂದು ಯಾರೂ ಕಿತ್ತು ಹಾಕುವುದಿಲ್ಲ. ಮರ ನೀರು ಕುಡಿದಿದೆ, ದೀಪಾವಳಿ ಕಳೆದರೆ ಸರಿಹೋಗುತ್ತದೆ ಎನ್ನುತ್ತೇವೆ. ತೀರಾ ಬಿಗಿದರೆ ಆಚಾರಿಯನ್ನು ಕರೆಸಿ ಅಂಚಿಗೆ ಎರಡು ಸಲ ಕೀಸುಳಿ ಎಳೆಸುತ್ತೇವೆ. ಇಷ್ಟು ಚೆನ್ನಾಗಿ ಮರವನ್ನು ಬಲ್ಲ ನಾವು, ಅದೇ ಮರ ಬೇಸ್ ಗಿಟಾರಿನ ರೂಪದಲ್ಲಿ ಎದುರು ನಿಂತಾಗ ಮಾತ್ರ ಅದನ್ನು ಗುರುತಿಸುವುದಿಲ್ಲ.

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಆರ್ಕೆಸ್ಟ್ರಾದವರ ಕೋಣೆಗಳಲ್ಲಿ, ಚರ್ಚಿನ ಗಾಯನ ತಂಡಗಳ ಬೀರುಗಳಲ್ಲಿ, ಕಾಲೇಜುಗಳ ಸಾಂಸ್ಕೃತಿಕ ವಿಭಾಗದ ಮೂಲೆಗಳಲ್ಲಿ ಬೇಸ್ ಗಿಟಾರುಗಳು ಕೂತಿರುವುದನ್ನು ನಾನು ನೋಡಿದ್ದೇನೆ. ಕೇಳಿದರೆ ಉತ್ತರ ಒಂದೇ: ನೆಕ್ ಬೆಂಡಾಗಿದೆ, ಇನ್ನು ಪ್ರಯೋಜನವಿಲ್ಲ. ನುಡಿಸುವ ಹವ್ಯಾಸಿಯಾಗಿ, ಹಳೆಯ ವಾದ್ಯಗಳನ್ನು ಬಿಚ್ಚಿ ಜೋಡಿಸುವ ಗೀಳಿನವನಾಗಿ ಹೇಳುತ್ತೇನೆ, ಕೈಗೆತ್ತಿಕೊಂಡು ನೋಡಿದವುಗಳಲ್ಲಿ ಹೆಚ್ಚಿನವು ಹಾಳಾಗಿರಲಿಲ್ಲ. ನಮ್ಮ ಮಳೆಗೆ ಅವನ್ನು ಯಾರೂ ಹೊಂದಿಸಿರಲಿಲ್ಲ, ಅಷ್ಟೇ.

ಬೇಸ್ ಗಿಟಾರ್ ಎಂದರೆ ಸಾಮಾನ್ಯವಾಗಿ ನಾಲ್ಕು ದಪ್ಪ ತಂತಿಗಳ, ಉದ್ದ ಕುತ್ತಿಗೆಯ ವಾದ್ಯ. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ ಪ್ರಿಸಿಷನ್ ಬೇಸ್ ಇಂದಿಗೂ ಅದರ ಮೂಲ ಅಚ್ಚು. ಅದರ ಅತಿ ತಗ್ಗಿನ ಶ್ರುತಿಯ ತಂತಿ ಸೆಕೆಂಡಿಗೆ ಸುಮಾರು 41 ಸಲ ಮಿಡಿಯುತ್ತದೆ. ಮೊಬೈಲಿನ ಪುಟ್ಟ ಸ್ಪೀಕರು ಅಷ್ಟು ತಗ್ಗಿನ ಧ್ವನಿಯನ್ನು ಹೊರಡಿಸಲಾರದು, ಆದ್ದರಿಂದ ಎಷ್ಟೋ ಜನರಿಗೆ ಹಾಡಿನಲ್ಲಿ ಬೇಸ್ ಇದೆ ಎಂಬುದೇ ಗೊತ್ತಿರುವುದಿಲ್ಲ. 1981ರ ‘ಗೀತಾ’ ಅಥವಾ 1983ರ ‘ಪಲ್ಲವಿ ಅನುಪಲ್ಲವಿ’ ಚಿತ್ರಕ್ಕೆ ಇಳಯರಾಜ ಮಾಡಿದ ಹಾಡುಗಳನ್ನು ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿ. ಹಾಡುವವರ ದನಿಯ ಕೆಳಗೆ ಇನ್ನೊಂದು ದನಿ ತನ್ನದೇ ದಾರಿಯಲ್ಲಿ ನಡೆಯುತ್ತಿರುತ್ತದೆ. ಅದೇ ಬೇಸ್. ಒಮ್ಮೆ ಕಿವಿಗೆ ಬಿದ್ದರೆ ಆಮೇಲೆ ಅದನ್ನು ಬಿಟ್ಟು ಕೇಳಲು ಬರುವುದಿಲ್ಲ.

ನನ್ನ ಮೊದಲ ಬೇಸನ್ನು ಕೊಂಡದ್ದು ಬೆಂಗಳೂರಿನ ಒಂದು ಎ.ಸಿ. ಅಂಗಡಿಯಲ್ಲಿ, ಮೇ ತಿಂಗಳಲ್ಲಿ. ಅಲ್ಲಿ ಬೆಣ್ಣೆಯಂತೆ ನುಡಿಯುತ್ತಿತ್ತು. ಜೂನ್ ಮಧ್ಯದಲ್ಲಿ ಅದನ್ನು ಹೊತ್ತು ಅಂಬಾರಗೋಡ್ಲಿನ ಹೊಳೆಬಾಗಿಲಲ್ಲಿ ಲಾಂಚ್ ಹತ್ತಿದೆ. 2025ರ ಜುಲೈ 14ರಂದು ಸೇತುವೆ ತೆರೆಯುವ ತನಕ ಕಳಸವಳ್ಳಿ ದಡಕ್ಕೆ, ತುಮರಿ ಕಡೆಗೆ ಹೋಗುವ ಹತ್ತಿರದ ದಾರಿ ಅದೇ ಆಗಿತ್ತು. ಮೇಲಿಂದ ಮಳೆ, ಕೆಳಗೆ ಶರಾವತಿಯ ಹಿನ್ನೀರು, ನಡುವೆ ತೆಳ್ಳನೆ ಬಟ್ಟೆಯ ಚೀಲದಲ್ಲಿ ಗಿಟಾರು. ಮನೆ ಮುಟ್ಟಿದ ಎರಡು ವಾರಕ್ಕೆ ತಂತಿಗಳು ಬೆರಳೊತ್ತುವ ಪಲಕದಿಂದ ಮೇಲೆದ್ದು, ಒತ್ತಿದರೆ ಬೆರಳು ನೋಯತೊಡಗಿತು. ಪಲಕದ ಲೋಹದ ಪಟ್ಟಿಗಳ, ಅಂದರೆ ಫ್ರೆಟ್ಟುಗಳ, ಮೊದಲ ಮೂರು ಮನೆಗಳಲ್ಲಿ ಸರಿಯಿದ್ದ ಶ್ರುತಿ ಹನ್ನೆರಡನೆಯ ಮನೆಗೆ ಬರುವಾಗ ಏರಿರುತ್ತಿತ್ತು. ಅಂಗಡಿಗೆ ಫೋನು ಮಾಡಿದೆ, ನೀವು ಬೀಳಿಸಿರಬೇಕು ಎಂದರು. ಒಂದು ವರ್ಷ ಅದನ್ನು ಮುಟ್ಟಲಿಲ್ಲ. ಆ ವರ್ಷ ವ್ಯರ್ಥವಾದದ್ದಕ್ಕೆ ಇವತ್ತಿಗೂ ಬೇಸರವಿದೆ, ಏಕೆಂದರೆ ಅದಕ್ಕೆ ಬೇಕಿದ್ದದ್ದು ಹತ್ತು ನಿಮಿಷದ ಕೆಲಸ.

ಆ ಹತ್ತು ನಿಮಿಷದ ಹಿಂದಿನ ಲೆಕ್ಕ ಹೀಗಿದೆ. ಶ್ರುತಿಯಲ್ಲಿರುವ ನಾಲ್ಕು ತಂತಿಗಳು ಸೇರಿ ಕುತ್ತಿಗೆಯನ್ನು ಸುಮಾರು 70–80 ಕಿಲೋ ಬಲದಿಂದ ಮುಂದಕ್ಕೆ ಎಳೆಯುತ್ತಿರುತ್ತವೆ. ತುಂಬಿದ ಅಡಿಕೆ ಮೂಟೆಯೊಂದನ್ನು ತೂಗುಹಾಕಿದಂತೆ, ಹಗಲೂ ರಾತ್ರಿ. ಎರಡು ಬೆರಳು ದಪ್ಪವೂ ಇಲ್ಲದ ಮರದ ಪಟ್ಟಿಯೊಂದು ಇದನ್ನು ತಾನಾಗಿ ತಡೆಯಲಾರದು. ಹಾಗಾಗಿ ಕುತ್ತಿಗೆಯ ಒಳಗೆ ಉದ್ದಕ್ಕೂ ಉಕ್ಕಿನ ಸರಳೊಂದನ್ನು ಹುದುಗಿಸಿರುತ್ತಾರೆ. ಅದೇ ಟ್ರಸ್ ರಾಡ್. 1920ರ ದಶಕದ ಆರಂಭದಲ್ಲಿ ಗಿಬ್ಸನ್ ಕಂಪನಿಯ ಥ್ಯಾಡಿಯಸ್ ಮೆಕ್‌ಹ್ಯೂ ರೂಪಿಸಿದ ಉಪಾಯ ಇದು. ಸರಳಿನ ತುದಿಯ ನಟ್ಟನ್ನು ಬಿಗಿದರೆ ಕುತ್ತಿಗೆ ತಂತಿಯ ಎಳೆತಕ್ಕೆ ಎದುರಾಗಿ ಹಿಂದಕ್ಕೆ ಬರುತ್ತದೆ, ಸಡಿಲಿಸಿದರೆ ಮುಂದಕ್ಕೆ ಬಾಗುತ್ತದೆ. ತಂತಿಗಳ ಎಳೆತ, ಸರಳಿನ ತಡೆ, ಮರದ ಬಿಗುವು ಈ ಮೂರರ ನಡುವಿನ ಒಪ್ಪಂದದಲ್ಲಿ ಕುತ್ತಿಗೆ ನೆಟ್ಟಗೆ ನಿಂತಿದೆ. ಮಳೆ ಬಂದಾಗ ಬದಲಾಗುವುದು ಮೂರನೆಯದು.

ಮರದ ವಾದ್ಯಗಳಿಗೆ ಹಿತವಾದ ತೇವಾಂಶ ಶೇಕಡ 45ರಿಂದ 55. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಇಂಥ ಸೀಮೆಯಲ್ಲಿ ಜುಲೈ ತಿಂಗಳ ಮನೆಯೊಳಗಿನ ಗಾಳಿ ಶೇಕಡ 85–90ರ ಆಚೆ ಹೋಗುವುದು ಸಾಮಾನ್ಯ. ಕುತ್ತಿಗೆಯ ಹಿಂಬದಿಗೆ ವಾರ್ನಿಷ್ ಇರುತ್ತದೆ, ಮುಂಬದಿಯ ಬೀಟೆಯ ಪಲಕಕ್ಕೆ ಸಾಮಾನ್ಯವಾಗಿ ಇರುವುದಿಲ್ಲ. ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ನೀರು ಕುಡಿದ ಮರ ಬಾಗದೆ ಇರಲಾರದು. ಯಾವ ಕಡೆಗೆ ಬಾಗುತ್ತದೆ ಎಂಬುದು ಮಾತ್ರ ಮರಕ್ಕೆ ಮರ ಬೇರೆ. ನನ್ನದು ಮುಂದಕ್ಕೆ ಬಾಗುತ್ತದೆ, ನಿಮ್ಮದು ಹಿಂದಕ್ಕೆ ಬಾಗಬಹುದು. ಅದಕ್ಕೇ ಯಾರೋ ಹೇಳಿದರೆಂದು ನಟ್ಟು ತಿರುಗಿಸಬಾರದು. ಅಳೆದು ನೋಡಿ ತಿರುಗಿಸಬೇಕು.

ಇಲ್ಲಿ ವೀಣೆಯ ಮಾತು ನೆನಪಾಗುತ್ತದೆ. ವೀಣೆಯ 24 ಮೆಟ್ಟಿಲುಗಳು ಕೂತಿರುವುದು ಮೇಣದ ಮೇಲೆ. ಸೆಕೆಗೆ, ಬೆರಳಿನ ಒತ್ತಡಕ್ಕೆ ಮೇಣ ಕುಸಿದಾಗ ವೈಣಿಕರು ಮೆಟ್ಟಿಲುಗಳನ್ನು ಮತ್ತೆ ಕೂರಿಸಿ ಮೇಳ ಕಟ್ಟಿಸುತ್ತಾರೆ, ಅದನ್ನು ವೀಣೆಯ ದೋಷವೆಂದು ಎಣಿಸುವುದಿಲ್ಲ. ಯಕ್ಷಗಾನದ ಮದ್ದಳೆಗಾರರು ಥಂಡಿಯ ರಾತ್ರಿ ಚರ್ಮಕ್ಕೆ ಬಿಸಿ ಕಾಣಿಸುತ್ತಾರೆ, ಕರಣೆ ಕಿತ್ತರೆ ಮತ್ತೆ ಹಾಕಿಸುತ್ತಾರೆ. ಕಾಲಕಾಲಕ್ಕೆ ವಾದ್ಯವನ್ನು ಹದ ಮಾಡಿಕೊಳ್ಳುವ ಸಂಸ್ಕೃತಿ ನಮ್ಮಲ್ಲೇ ಇದೆ. ಬೇಸ್ ಗಿಟಾರ್ ಕಾರ್ಖಾನೆಯಿಂದ ಪೆಟ್ಟಿಗೆಯಲ್ಲಿ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಅದನ್ನು ಮಿಕ್ಸಿಯಂತೆ, ಫ್ಯಾನಿನಂತೆ ಕಾಣುತ್ತೇವೆ. ನಮ್ಮ ಮೂಲ ತಪ್ಪು ಇದೇ ಎಂದು ನನ್ನ ಅಭಿಪ್ರಾಯ.

ಹದ ಮಾಡುವ ಕ್ರಮಕ್ಕೆ ಬರೋಣ. ಮೊದಲು ನಾಲ್ಕೂ ತಂತಿಗಳನ್ನು ಪೂರ್ತಿ ಶ್ರುತಿಗೆ ತನ್ನಿ. ಸಡಿಲ ತಂತಿಯಲ್ಲಿ ಅಳೆದ ಅಳತೆಗೆ ಅರ್ಥವಿಲ್ಲ. ದಪ್ಪ ತಂತಿಯನ್ನು ಒಂದನೇ ಫ್ರೆಟ್ಟಿನಲ್ಲಿ ಒಂದು ಕೈಯಿಂದ, ಕುತ್ತಿಗೆ ಒಡಲನ್ನು ಸೇರುವ ಜಾಗದ ಫ್ರೆಟ್ಟಿನಲ್ಲಿ ಇನ್ನೊಂದು ಕೈಯಿಂದ ಒತ್ತಿ ಹಿಡಿಯಿರಿ. ಈಗ ತಂತಿಯೇ ನಿಮ್ಮ ನೇರಗೋಲು. ಏಳು–ಎಂಟನೇ ಫ್ರೆಟ್ಟಿನ ಬಳಿ ತಂತಿಗೂ ಫ್ರೆಟ್ಟಿಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು, ಅಂದರೆ ಸುಮಾರು 0.3 ಮಿಲಿಮೀಟರ್ ಸಂದು ಇರಬೇಕು. ಪೂರ್ತಿ ನೆಟ್ಟಗಿದ್ದರೆ ಸಾಲದೇ ಎಂದು ಕೇಳಬಹುದು. ಸಾಲದು. ಮಿಡಿಯುವ ತಂತಿ ನಡುವಿನಲ್ಲಿ ಹೆಚ್ಚು ಅಗಲಕ್ಕೆ ತೂಗುತ್ತದೆ, ಅದಕ್ಕೆ ಜಾಗ ಬೇಕು. ಇಲ್ಲದಿದ್ದರೆ ಫ್ರೆಟ್ಟಿಗೆ ಬಡಿದು ಝರ್ ಎನ್ನುತ್ತದೆ. ಸಂದು ಹೆಚ್ಚಿದ್ದರೆ ಟ್ರಸ್ ರಾಡಿನ ನಟ್ಟನ್ನು ಗಡಿಯಾರದ ದಿಕ್ಕಿಗೆ ಬಿಗಿಯಿರಿ, ಸಂದೇ ಇಲ್ಲದಿದ್ದರೆ ಸಡಿಲಿಸಿ. ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. ಮತ್ತೆ ಶ್ರುತಿ ಮಾಡಿ ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಅಳೆಯಿರಿ, ಮರಕ್ಕೆ ಅವಸರವಿಲ್ಲ. ನಟ್ಟು ತಿರುಗಲು ಒಪ್ಪದಿದ್ದರೆ ಬಲ ಹಾಕಬೇಡಿ, ತಿಳಿದವರ ಕೈಗೆ ಕೊಡಿ. ಮುರಿದ ಸರಳನ್ನು ತೆಗೆಯಲು ಪಲಕವನ್ನೇ ಕಿತ್ತು ತೆಗೆಯಬೇಕಾಗುತ್ತದೆ.

ಕುತ್ತಿಗೆ ಸರಿಹೋದ ಮೇಲೆಯೇ ತಂತಿಯ ಎತ್ತರ. ಒಡಲಿನ ಮೇಲೆ ತಂತಿಗಳು ಕೂರುವ ಬ್ರಿಜ್‌ನಲ್ಲಿ ಪ್ರತಿ ತಂತಿಗೂ ಪುಟ್ಟ ಸ್ಕ್ರೂಗಳಿವೆ. 17ನೇ ಫ್ರೆಟ್ಟಿನ ಮೇಲೆ 2ರಿಂದ 2.5 ಮಿಲಿಮೀಟರ್ ಇದ್ದರೆ ಹೆಚ್ಚಿನವರ ಕೈಗೆ ಒಗ್ಗುತ್ತದೆ. ಕೊನೆಯದು ಶ್ರುತಿಶುದ್ಧಿ: ಹನ್ನೆರಡನೇ ಫ್ರೆಟ್ಟಿನ ಮೇಲೆ ತಂತಿಯನ್ನು ಹಗುರಾಗಿ ಮುಟ್ಟಿ ಮೀಟಿದ ಸ್ವರ ಮತ್ತು ಅಲ್ಲೇ ಒತ್ತಿ ಮೀಟಿದ ಸ್ವರ ಒಂದೇ ಆಗಿರಬೇಕು. ಒತ್ತಿದ ಸ್ವರ ಏರಿದ್ದರೆ ಬ್ರಿಜ್‌ನ ತುಂಡನ್ನು ಹಿಂದಕ್ಕೆ ಸರಿಸಿ ತಂತಿಯನ್ನು ಉದ್ದ ಮಾಡಿ, ಇಳಿದಿದ್ದರೆ ಮುಂದಕ್ಕೆ ತನ್ನಿ. ಈ ಕ್ರಮವನ್ನು ಹಿಂದುಮುಂದು ಮಾಡಿದರೆ ಮಾಡಿದ ಕೆಲಸವೆಲ್ಲ ಮತ್ತೆ ಮಾಡಬೇಕು, ಏಕೆಂದರೆ ಕುತ್ತಿಗೆ ಕದಲಿದರೆ ಉಳಿದೆರಡೂ ಕದಲುತ್ತವೆ. ನಾನು ವರ್ಷಕ್ಕೆ ಎರಡು ಸಲ ಮಾಡುತ್ತೇನೆ: ಮಳೆ ಹಿಡಿದು ಮೂರು ವಾರವಾದ ಮೇಲೊಮ್ಮೆ, ಅಡಿಕೆ ಕೊಯ್ಲಿನ ಒಣ ಹವೆ ಶುರುವಾದ ಮೇಲೊಮ್ಮೆ.

ಬೀಟೆಯ ಪಲಕ ಎಂದೆನಲ್ಲ, ಆ ಮರ ನಮ್ಮದೇ ಘಟ್ಟದ್ದು. ಬ್ರೆಜಿಲಿನ ಬೀಟೆ ಜಾತಿಯ ಮರ ಸಿಗುವುದು ದುರ್ಲಭವಾದಂತೆ, 1960ರ ದಶಕದ ಕೊನೆಯಿಂದ ಜಗತ್ತಿನ ಗಿಟಾರ್ ತಯಾರಕರು ಭಾರತದ ಬೀಟೆಗೆ ಹೊರಳಿದರು. 2017ರ ಜನವರಿಯಲ್ಲಿ ಈ ಕುಲದ ಎಲ್ಲ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಅಳಿವಿನಂಚಿನ ಜೀವಜಾತಿಗಳ ರಕ್ಷಣೆಯ ಸೈಟೀಸ್ ಒಪ್ಪಂದದ ಅಂಕುಶ ಬಿತ್ತು. ಫೆಂಡರ್ ಕಂಪನಿಯೂ ತನ್ನ ಹಲವು ಮಾದರಿಗಳಲ್ಲಿ ದಕ್ಷಿಣ ಅಮೆರಿಕದ ಬೇರೆ ಮರಕ್ಕೆ ಹೋಯಿತು. 2019ರ ನವೆಂಬರಿನಲ್ಲಿ ಸಿದ್ಧ ಸಂಗೀತ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಎಂದೋ ನಮ್ಮ ಘಟ್ಟದಿಂದ ಹೊರಟ ಮರ ಸಮುದ್ರ ದಾಟಿ, ಗಿಟಾರಾಗಿ, ಮತ್ತೆ ನಮ್ಮ ಮಳೆಗೇ ಬಂದು ಸೇರಿರುವ ಸಾಧ್ಯತೆ ಇದೆ. ನನಗೆ ಈ ಯೋಚನೆ ಪ್ರಿಯವಾದದ್ದು. ಆ ಪಲಕದ ಮೇಲೆ ಬೂಷ್ಟು ಹಿಡಿದರೆ ಒಣಬಟ್ಟೆಯಿಂದ ಒರೆಸಿ, ವರ್ಷಕ್ಕೊಮ್ಮೆ ಪಲಕಕ್ಕೆಂದೇ ಮಾರುವ ಎಣ್ಣೆಯನ್ನು ನಾಲ್ಕು ಹನಿ ಸವರಿ. ಕೊಬ್ಬರಿ ಎಣ್ಣೆ ಬೇಡ, ಕಮಟು ಹಿಡಿಯುತ್ತದೆ.

ಕೊಳ್ಳುವವರಿಗೆ ಒಂದು ಮಾತು. ಹೊಸ ಆರಂಭಿಕ ಬೇಸಿಗೆ 15ರಿಂದ 25 ಸಾವಿರ ರೂಪಾಯಿ ಬೇಕಾಗುತ್ತದೆ, ಆಂಪ್ಲಿಫೈಯರ್ ಬೇರೆ. ಹಳೆಯದನ್ನು ನೋಡುವಾಗ ಬಣ್ಣಕ್ಕೆ, ಹೊಳಪಿಗೆ ಮರುಳಾಗಬೇಡಿ. ಆಚಾರಿ ರೀಪನ್ನು ಒಂದು ಕಣ್ಣು ಮುಚ್ಚಿ ನೋಡುವಂತೆ ಕುತ್ತಿಗೆಯನ್ನು ತುದಿಯಿಂದ ನೋಡಿ. ಮುಂದಕ್ಕೋ ಹಿಂದಕ್ಕೋ ಬಾಗಿದ್ದರೆ ಅಂಜಬೇಕಿಲ್ಲ, ಸರಳಿದೆ. ಹಗ್ಗದಂತೆ ತಿರುಚಿಕೊಂಡಿದ್ದರೆ ಬಿಟ್ಟುಬಿಡಿ, ಅದನ್ನು ಸರಳು ಸರಿಮಾಡಲಾರದು. ನಟ್ಟು ಎರಡೂ ಕಡೆ ತಿರುಗುತ್ತದೆಯೇ ಎಂದು ಮಾಲೀಕರ ಎದುರೇ ಪರೀಕ್ಷಿಸಿ. ತಲೆಯ ಭಾಗ ಕುತ್ತಿಗೆಗೆ ಸೇರುವಲ್ಲಿ ಸೀಳು ಇದೆಯೇ, ಹಿಂಬದಿಯ ಮುಚ್ಚಳ ಬಿಚ್ಚಿದರೆ ಕುಟ್ಟೆ ಹುಳುವಿನ ಹಿಟ್ಟು ಉದುರುತ್ತದೆಯೇ ನೋಡಿ. ಹಿಟ್ಟು ಕಂಡರೆ ಆ ವಾದ್ಯ ಮನೆಗೆ ಬರುವುದೇ ಬೇಡ. ಬ್ಯಾಟರಿ ಬೇಡದ, ಸರಳ ಪಿಕಪ್ಪಿನ ಮಾದರಿಯನ್ನೇ ನಾನು ನಮ್ಮ ಕಡೆಯವರಿಗೆ ಹೇಳುವುದು. ಅದರ ಒಳಗೆ ಅಯಸ್ಕಾಂತ, ತಾಮ್ರದ ಸುರುಳಿ, ಎರಡು ಮೂರು ಪೊಟೆನ್ಶಿಯೋಮೀಟರ್ ಬಿಟ್ಟರೆ ಹೆಚ್ಚೇನಿಲ್ಲ. ಕರಕರ ಸದ್ದು ಬಂದರೆ ಕಾಂಟ್ಯಾಕ್ಟ್ ಕ್ಲೀನರ್ ಸಾಕು, ವೈರು ಬಿಟ್ಟರೆ ಸಾಗರದ ಯಾವ ರೇಡಿಯೋ–ಟಿವಿ ರಿಪೇರಿಯವರಾದರೂ ಬೆಸುಗೆ ಹಾಕಿಕೊಡುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಅರ್ತಿಂಗ್ ಇಲ್ಲದ ಪ್ಲಗ್ಗಿಗೆ ಆಂಪ್ಲಿಫೈಯರ್ ಹಾಕಿ, ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ನುಡಿಸಬೇಡಿ. ಬೇಸಿನ ತಂತಿಗಳು ಬ್ರಿಜ್ ಮೂಲಕ ನೇರ ಆಂಪ್ಲಿಫೈಯರಿನ ಅರ್ತಿಗೆ ಸೇರಿರುತ್ತವೆ. ಒಂದು ಕೈ ತಂತಿಯ ಮೇಲೆ, ತುಟಿ ಮೈಕಿನ ಮೇಲೆ ಇರುವಾಗ ದೋಷವಿರುವ ಲೈನು ಜೀವ ತೆಗೆಯಬಲ್ಲದು. ಜಾತ್ರೆಯ ವೇದಿಕೆಗಳಲ್ಲಿ ನುಡಿಸುವ ಹುಡುಗರು ಪ್ರತಿ ಸಲವೂ ಟೆಸ್ಟರ್ ಹಿಡಿದು ನೋಡಬೇಕು.

ಮಳೆಗಾಲದಲ್ಲಿ ಇಡುವುದೆಲ್ಲಿ? ಒಲೆಯ ಮೇಲಿನ ಹೊಗೆಅಟ್ಟದಲ್ಲಿ ಅಲ್ಲ, ಶಾಖಕ್ಕೆ ಅಂಟು ಬಿಡುತ್ತದೆ, ಹೊಗೆಗೆ ಲೋಹ ಕೆಡುತ್ತದೆ. ಹೊರಗೋಡೆಗೆ ಒರಗಿಸಿಯೂ ಅಲ್ಲ. ಒಳಕೋಣೆಯ ಗಟ್ಟಿ ಪೆಟ್ಟಿಗೆಯಲ್ಲಿ, ಜೊತೆಗೆ ಸಿಲಿಕಾ ಜೆಲ್ ಚೀಲಗಳು, ಸಣ್ಣದೊಂದು ತೇವಾಂಶಮಾಪಕ. ನುಡಿಸಿದ ಮೇಲೆ ಬೆವರು ಒರೆಸಿಡಿ. ಒಂದು ಸೆಟ್ ತಂತಿಗೆ ಒಂದೂವರೆಯಿಂದ ಮೂರು ಸಾವಿರ ರೂಪಾಯಿ, ನಮ್ಮ ಹವೆಯಲ್ಲಿ ಅವು ಬೇಗ ತುಕ್ಕು ಹಿಡಿಯುತ್ತವೆ. ಚಪ್ಪಟೆ ಸುತ್ತಿನ ತಂತಿಗಳು ಹೆಚ್ಚು ಬಾಳುತ್ತವೆ, ಧ್ವನಿಯೂ ದುಂಡಗಿರುತ್ತದೆ; ಭಾವಗೀತೆ, ಭಜನೆಗೆ ನುಡಿಸುವವರು ಅವನ್ನೇ ಆರಿಸಿಕೊಳ್ಳಲಿ.

ನಿಮ್ಮ ಊರಿನ ಶಾಲೆಯಲ್ಲೋ ಚರ್ಚಿನಲ್ಲೋ ನಿಂತುಹೋದ ಆರ್ಕೆಸ್ಟ್ರಾದ ಕೋಣೆಯಲ್ಲೋ ಬೆಂಡಾದ ಬೇಸೊಂದು ಇದ್ದರೆ ಗುಜರಿಗೆ ಹಾಕುವ ಮೊದಲು ಒಮ್ಮೆ ಹೊರತೆಗೆಯಿರಿ. ಧೂಳು ಒರೆಸಿ, ತಂತಿ ಏರಿಸಿ ಶ್ರುತಿ ಮಾಡಿ, ಒಂದು ರಾತ್ರಿ ಬಿಡಿ. ಬೆಳಿಗ್ಗೆ ವಿಸಿಟಿಂಗ್ ಕಾರ್ಡ್ ಹಿಡಿದು ಅಳೆಯಿರಿ, ಕಾಲು ಸುತ್ತು ತಿರುಗಿಸಿ. ಹದಕ್ಕೆ ಬಂದ ಮೇಲೆ ಅದನ್ನು ನುಡಿಸಲು ಆಸೆಪಡುವ ಹುಡುಗನ ಅಥವಾ ಹುಡುಗಿಯ ಕೈಗೆ ಕೊಡಿ.