ಐವತ್ತು ಕೆಬಿಯೊಳಗೆ ಹಿಡಿಯದ ಸಾಗುವಳಿ ಚೀಟಿ

ಭೂಮಿ ಹುಣ್ಣಿಮೆಗೆ ಊರಿಗೆ ಹೋಗಿದ್ದೆ. ಶಿರಾಳಕೊಪ್ಪದಲ್ಲಿ ಬಸ್ಸಿಳಿದು, ಅಲ್ಲಿಂದ ಸೊರಬದ ಕಡೆಯ ನಮ್ಮ ಹಳ್ಳಿ ಸೇರುವಷ್ಟರಲ್ಲಿ ಕತ್ತಲಾಗಿತ್ತು. ಊಟ ಮುಗಿಸಿ ಜಗಲಿಯಲ್ಲಿ ಕೂತಿದ್ದಾಗ ದೊಡ್ಡಪ್ಪ ಒಳಗಿನಿಂದ ಒಂದು ತಗಡಿನ ಟ್ರಂಕು ಎಳೆದು ತಂದರು. ಅದರೊಳಗೆ ಪ್ಲಾಸ್ಟಿಕ್ ಕವರು, ಕವರಿನೊಳಗೆ ಹಳೇ ದಿನಪತ್ರಿಕೆ, ಪತ್ರಿಕೆಯ ಮಡಿಕೆಯೊಳಗೆ ಅಜ್ಜನ ಹೆಸರಿನ ಸಾಗುವಳಿ ಚೀಟಿ. ನೀಲಿ ಶಾಯಿಯ ಕೈಬರಹ, ಮೂಲೆಯಲ್ಲಿ ದುಂಡನೆ ಮೊಹರು. ಮಡಿಸಿದ ಕಡೆ ಸ್ವಲ್ಪ ಹರಿದಿದೆ, ಆದರೆ ಒಂದೊಂದು ಅಕ್ಷರವೂ ಓದಲು ಬರುತ್ತದೆ.

ಇದರ ಪ್ರತಿಯನ್ನು ಅವರು ಒಂದು ಜಾಲತಾಣಕ್ಕೆ ಅರ್ಜಿಯ ಜೊತೆ ಹಾಕಿಸಿದ್ದರು. ಯಾವ ಜಾಲತಾಣ ಅಂತ ಇಲ್ಲಿ ಹೇಳುವುದಿಲ್ಲ. ರೋಗ ಎಲ್ಲಾ ಕಡೆ ಒಂದೇ ಇರುವಾಗ ಒಬ್ಬರ ಹೆಸರು ಹಿಡಿದು ಏನು ಪ್ರಯೋಜನ? ಮೂರು ವಾರ ಕಾದ ಮೇಲೆ ಬಂದ ಉತ್ತರ ಇಷ್ಟೇ: "ದಾಖಲೆ ಅಸ್ಪಷ್ಟವಾಗಿರುವುದರಿಂದ ಅರ್ಜಿ ತಿರಸ್ಕರಿಸಲಾಗಿದೆ."

"ಅಲ್ಲಾ ತಮ್ಮಾ, ಕಾಗ್ದ ಚೆನ್ನಾಗೇ ಇದೆಯಲ್ಲೋ. ನಂಗೆ ಕನ್ನಡಕ ಇಲ್ದೇ ಕಾಣ್ತದೆ. ಅವ್ರಿಗ್ಯಾಕೆ ಕಾಣ್ಸಲ್ಲ?" ಅಂತ ಕೇಳಿದರು ದೊಡ್ಡಪ್ಪ.

ಮರುದಿನ ಅರ್ಜಿ ಹಾಕಿಸಿದ ಕಂಪ್ಯೂಟರ್ ಸೆಂಟರಿಗೆ ಹೋಗಿ ಅವರು ಕಳಿಸಿದ್ದ ಫೈಲನ್ನೇ ತೆಗೆದು ನೋಡಿದೆ. ನಿಜಕ್ಕೂ ಏನೂ ಕಾಣಿಸಲಿಲ್ಲ! ಸರ್ವೆ ನಂಬರ್ ಇರಬೇಕಾದ ಕಡೆ ಬೂದು ಬಣ್ಣದ ಚೌಕಗಳು. ಮೊಹರು ಇದ್ದ ಕಡೆ ಒಂದು ಮಸಿ ಕಲೆ. ಸೆಂಟರಿನ ಹುಡುಗ ಪಾಪ ತಪ್ಪೇನೂ ಮಾಡಿರಲಿಲ್ಲ. ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ಬರೆದಿತ್ತಲ್ಲ, "ಫೈಲ್ ಗಾತ್ರ 50 ಕೆಬಿ ಮೀರಬಾರದು" ಅಂತ. ಮೀರದಂತೆ ಮಾಡಿದ್ದ, ಅಷ್ಟೇ.

ಈಗ ನನ್ನ ತಪ್ಪೊಪ್ಪಿಗೆ. ನಾನೂ ಹೊಟ್ಟೆಪಾಡಿಗೆ ಇದೇ ಕೆಲಸ ಮಾಡುವವನು. ಎಷ್ಟೋ ವರ್ಷಗಳ ಹಿಂದೆ, ಬೆಂಗಳೂರಿಗೆ ಹೊಸದಾಗಿ ಬಂದಾಗ, ಇಂಥದ್ದೇ ಒಂದು ಅರ್ಜಿಯ ಪುಟಕ್ಕೆ ಇದೇ 50 ಕೆಬಿ ಮಿತಿಯ ಸಾಲನ್ನು ನಾನೇ ಬರೆದಿದ್ದೇನೆ. ಯಾಕೆ 50 ಅಂತ ನಾನು ಕೇಳಲಿಲ್ಲ. ಹಿಂದಿನವರ ಪ್ರೋಗ್ರಾಮಿನಲ್ಲಿ ಹಾಗಿತ್ತು, ಕಾಪಿ ಮಾಡಿದೆ. ಅವರೂ ತಮ್ಮ ಹಿಂದಿನವರದ್ದನ್ನು ಕಾಪಿ ಮಾಡಿದ್ದಿರಬೇಕು. ನಮ್ಮ ಕಸುಬಿನಲ್ಲಿ ಬಹಳಷ್ಟು "ನಿಯಮ"ಗಳು ಹುಟ್ಟುವುದೇ ಹೀಗೆ :-)

ಆ ಸಂಖ್ಯೆಗೂ ಒಂದು ಕಾಲ ಇತ್ತು ಬಿಡಿ. ಟೆಲಿಫೋನ್ ತಂತಿಯ ಮೋಡೆಮ್ ಕಾಲ, ಸೆಕೆಂಡಿಗೆ 56 ಕಿಲೋಬಿಟ್. ಆ ವೇಗದಲ್ಲಿ 50 ಕೆಬಿ ಕಳಿಸಲು ಏಳೆಂಟು ಸೆಕೆಂಡು ಬೇಕು. ಇವತ್ತು ಸೆಕೆಂಡಿಗೆ 5 ಮೆಗಾಬಿಟ್ ಸಿಗುವ ಸಾಧಾರಣ ಮೊಬೈಲ್ ಸಂಪರ್ಕದಲ್ಲಿ 2 ಎಂಬಿ ಫೈಲು ನಾಲ್ಕು ಸೆಕೆಂಡಿನೊಳಗೆ ಹೋಗುತ್ತದೆ. ಮೋಡೆಮ್ ಮ್ಯೂಸಿಯಂ ಸೇರಿತು, 50 ಕೆಬಿ ಮಾತ್ರ ಕದಲಲಿಲ್ಲ.

ಸ್ವಲ್ಪ ಲೆಕ್ಕ ನೋಡೋಣ. ಒಂದು ಎ4 ಹಾಳೆಯನ್ನು ಇಂಚಿಗೆ 300 ಚುಕ್ಕೆಯಂತೆ ಸ್ಕ್ಯಾನ್ ಮಾಡಿದರೆ ಅಡ್ಡಕ್ಕೆ 2480, ಉದ್ದಕ್ಕೆ 3508, ಅಂದರೆ ಒಟ್ಟು ಸುಮಾರು 87 ಲಕ್ಷ ಚುಕ್ಕೆ. ಬಣ್ಣ ಬಿಟ್ಟು ಬರೀ ಬೂದು ಛಾಯೆಯಲ್ಲಿಟ್ಟರೂ 87 ಲಕ್ಷ ಬೈಟ್. ಅದನ್ನು 50 ಕೆಬಿಗೆ ಇಳಿಸಬೇಕೆಂದರೆ 170 ಪಟ್ಟು ಕುಗ್ಗಿಸಬೇಕು. ಬಣ್ಣದಲ್ಲಾದರೆ 500 ಪಟ್ಟಿಗೂ ಹೆಚ್ಚು. 1992ರಲ್ಲಿ ಮಾನಕವಾದ ಜೆಪೆಗ್ ಮುಖ್ಯವಾಗಿ ಛಾಯಾಚಿತ್ರಗಳಿಗಾಗಿ ಮಾಡಿದ್ದು. ಅದು ಚಿತ್ರವನ್ನು 8ಕ್ಕೆ 8 ಚುಕ್ಕೆಗಳ ಚೌಕಗಳಾಗಿ ಕತ್ತರಿಸಿ, ಕಣ್ಣಿಗೆ ಅಷ್ಟಾಗಿ ಗೊತ್ತಾಗದ ಸೂಕ್ಷ್ಮ ವಿವರಗಳನ್ನು ಬಿಸಾಡುತ್ತದೆ. ಮುಖದ ಫೋಟೋದಲ್ಲಿ ಇದು ನಡೆಯುತ್ತದೆ, ಕೆನ್ನೆಯ ಬಣ್ಣ ಸ್ವಲ್ಪ ಹೆಚ್ಚುಕಮ್ಮಿಯಾದರೆ ಯಾರಿಗೂ ತಿಳಿಯದು. ಆದರೆ ಕೈಬರಹದಲ್ಲಿ ಆ ಸೂಕ್ಷ್ಮವೇ ಅಕ್ಷರ. ಒಂದು ಒತ್ತು ಹೋದರೆ ಹೆಸರು ಬದಲಾಗುತ್ತದೆ. 3 ಮತ್ತು 8 ಒಂದೇ ಥರ ಕಂಡರೆ ಸರ್ವೆ ನಂಬರೇ ಬದಲಾಗುತ್ತದೆ.

ನಮ್ಮ ಸೊರಬ, ಸಾಗರದ ಗುಡಿಗಾರರು ಶ್ರೀಗಂಧ ಕೆತ್ತುವುದನ್ನು ನೋಡಿದ್ದೀರಾ? ಒಂದು ಚಕ್ಕೆ ಎಬ್ಬಿಸುವ ಮೊದಲು ಎಷ್ಟು ಸಲ ಯೋಚಿಸುತ್ತಾರೆ! ಎದ್ದ ಚಕ್ಕೆ ಮತ್ತೆ ಕೂರುವುದಿಲ್ಲ ಅಂತ ಅವರಿಗೆ ಗೊತ್ತು. ಜೆಪೆಗ್ ಕುಗ್ಗಿಸುವಿಕೆಯೂ ಹಾಗೇ. ಒಮ್ಮೆ ಹೋದದ್ದು ಹೋಯಿತು. ಮೊಬೈಲ್ ಒಮ್ಮೆ ಕೆತ್ತಿತು, ವಾಟ್ಸಾಪ್ ಇನ್ನೊಮ್ಮೆ ಕೆತ್ತಿತು, ಸೆಂಟರಿನ ಹುಡುಗ ಮತ್ತೊಮ್ಮೆ, ಕೊನೆಗೆ ಸರ್ವರ್ ಕೂಡಾ ಒಂದು ಏಟು ಹಾಕಿತು. ಉಳಿದದ್ದು ಸೌದೆ.

ಇನ್ನೂ ಭಯ ಹುಟ್ಟಿಸುವ ಸಂಗತಿ ಬೇರೆ ಇದೆ. 50 ಕೆಬಿಗೆ ಇಳಿಸಿದ್ದು ಹೇಗೆ ಅಂತ ಆ ಹುಡುಗನನ್ನು ಕೇಳಿದೆ. ಗೂಗಲ್‌ನಲ್ಲಿ ಹುಡುಕಿದಾಗ ಮೊದಲು ಸಿಕ್ಕ, ಫೈಲು ಚಿಕ್ಕದು ಮಾಡಿಕೊಡುವ ಯಾವುದೋ ಬಿಟ್ಟಿ ತಾಣಕ್ಕೆ ಏರಿಸಿ ಇಳಿಸಿಕೊಂಡನಂತೆ. ದಿನಾ ಹಾಗೇ ಮಾಡುತ್ತಾನಂತೆ. ಅಂದರೆ ಈ ಸುತ್ತಿನ ಎಷ್ಟೋ ಜನರ ಆಧಾರ್, ಬ್ಯಾಂಕ್ ಪಾಸ್‌ಬುಕ್, ಜಾತಿ ಪ್ರಮಾಣಪತ್ರ ಎಲ್ಲಾ ಯಾವುದೋ ದೇಶದ, ಯಾರದ್ದೋ ಕಂಪ್ಯೂಟರ್ ಸುತ್ತಿ ಬಂದಿವೆ. ವೈಯಕ್ತಿಕ ದತ್ತಾಂಶ ರಕ್ಷಣೆಗೆ ಅಂತ 2023ರಲ್ಲಿ ಸಂಸತ್ತು ಕಾನೂನು ಮಾಡಿತು. ಮಾಡಲಿ, ಸಂತೋಷ. ಆದರೆ ಜನರನ್ನು ಆ ಬಿಟ್ಟಿ ತಾಣಗಳ ಬಾಗಿಲಿಗೆ ಅಟ್ಟುತ್ತಿರುವುದು ನಾವು ಬರೆದ ಒಂದು ಸಾಲು!

ಈಗ ತಾಳಗುಂದಕ್ಕೆ ಬನ್ನಿ. ನಮ್ಮೂರಿನ ದಾರಿಯಲ್ಲೇ, ಶಿರಾಳಕೊಪ್ಪದಿಂದ ಕೂಗಳತೆಯಷ್ಟು ದೂರ. ಪ್ರಣವೇಶ್ವರ ದೇವಸ್ಥಾನದ ಮುಂದೆ ಕದಂಬರ ಕಾಲದ ಸ್ತಂಭ ನಿಂತಿದೆ. ಕುಬ್ಜ ಎಂಬ ಕವಿ ರಚಿಸಿದ ಸಂಸ್ಕೃತ ಶಾಸನ ಅದರ ಮೇಲಿದೆ. ಮಯೂರಶರ್ಮ ಕಂಚಿಗೆ ಓದಲು ಹೋದ ಕಥೆ ನಮಗೆ ಗೊತ್ತಿರುವುದೇ ಈ ಕಂಬದಿಂದ. ಬಿ. ಎಲ್. ರೈಸ್ ಅವರ ಕಾಲದಲ್ಲಿ ಶಾಸನದ ಪ್ರತಿ ತೆಗೆಯುತ್ತಿದ್ದುದು ಹೇಗೆ? ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಬ್ರಷ್‌ನಿಂದ ತಟ್ಟಿ ಅಕ್ಷರದ ಗುಳಿಯೊಳಗೆ ಕೂರಿಸಿ, ಮೇಲೆ ಮಸಿ ಒತ್ತಿದರೆ ಕಪ್ಪಿನ ಮೇಲೆ ಬಿಳಿ ಅಕ್ಷರದ ಪಡಿಯಚ್ಚು ಸಿಗುತ್ತದೆ. ಆಗಿನ ಸ್ಕ್ಯಾನರ್ ಅದು!

ಎಪಿಗ್ರಾಫಿಯಾ ಕರ್ನಾಟಿಕಾದ 7ನೇ ಸಂಪುಟ 1902ರಲ್ಲಿ ಬಂತು, ಶಿಕಾರಿಪುರ ಅದರಲ್ಲಿದೆ. 8ನೇ ಸಂಪುಟ 1904ರಲ್ಲಿ, ಸೊರಬ ಅದರಲ್ಲಿದೆ. ಅಲ್ಲಿನ ವ್ಯವಸ್ಥೆ ಗಮನಿಸಿ. ತಾಲೂಕಿನ ಹೆಸರಿನ ಜೊತೆ ಒಂದು ಸಂಖ್ಯೆ, ಅದೇ ಶಾಸನದ ಗುರುತು. ತಾಳಗುಂದದ ಸ್ತಂಭ ಶಾಸನ ಶಿಕಾರಿಪುರ 176. ನೂರಿಪ್ಪತ್ತು ವರ್ಷ ಕಳೆದರೂ ಸಂಶೋಧಕರಿಗೆ ಆ ಸಂಖ್ಯೆ ಸಾಕು. ಮೂಲದ ಪಾಠ ಬೇರೆ, ರೋಮನ್ ಲಿಪಿಯ ಪಾಠ ಬೇರೆ, ಅನುವಾದ ಬೇರೆ. ಒಂದು ಇನ್ನೊಂದನ್ನು ನುಂಗಿಲ್ಲ. ಮುಂದೆ ಕೀಲ್‌ಹಾರ್ನ್ ಇದೇ ಶಾಸನವನ್ನು ಎಪಿಗ್ರಾಫಿಯಾ ಇಂಡಿಕಾದ 8ನೇ ಸಂಪುಟದಲ್ಲಿ ಮತ್ತೆ ಸಂಪಾದಿಸಿದರು. ಹಾಗೆ ಮರಳಿ ಓದಲು ಆದದ್ದು ಯಾಕೆ? ಕಲ್ಲೂ ಇತ್ತು, ಪಡಿಯಚ್ಚೂ ಇತ್ತು. ಒಬ್ಬರ ಓದು ತಪ್ಪಿದರೆ ಇನ್ನೊಬ್ಬರು ತಿದ್ದಬಹುದಿತ್ತು.

ನಮ್ಮ ಜಾಲತಾಣಗಳಲ್ಲಿ? ಫೈಲಿನ ಹೆಸರು "ಸ್ಕ್ಯಾನ್ 0001". ಕನ್ನಡದಲ್ಲಿ "ಪಹಣಿ" ಅಂತ ಹೆಸರಿಟ್ಟು ಏರಿಸಿ ನೋಡಿ, ಎಷ್ಟೋ ಕಡೆ ಅದು ಬರೀ ಪ್ರಶ್ನೆ ಚಿಹ್ನೆಗಳ ಸಾಲಾಗುತ್ತದೆ, ಇಲ್ಲವೇ ಫೈಲೇ ತಿರಸ್ಕೃತ. ನೆಟ್ಟಗೆ ಹಿಡಿದು ತೆಗೆದ ಫೋಟೋ ಅಡ್ಡ ಮಲಗಿರುತ್ತದೆ. ಮೊಬೈಲು ಚಿತ್ರದೊಳಗೆ "ಇದನ್ನು ಇಷ್ಟು ತಿರುಗಿಸಿ ತೋರಿಸು" ಅಂತ ಒಂದು ಗುರುತು ಬರೆದಿರುತ್ತದೆ, ಅದನ್ನು ಓದುವ ಸೌಜನ್ಯ ನಮ್ಮ ಪ್ರೋಗ್ರಾಮಿಗೆ ಇಲ್ಲ. ಅದೇ ಚಿತ್ರದೊಳಗೆ ಫೋಟೋ ತೆಗೆದ ಜಾಗದ ಅಕ್ಷಾಂಶ ರೇಖಾಂಶವೂ ಇರಬಹುದು, ಬೇರೆಯವರಿಗೆ ತೋರಿಸುವ ಪ್ರತಿಯಿಂದ ಅದನ್ನು ಅಳಿಸುವ ಎಚ್ಚರವೂ ಇಲ್ಲ. ಇನ್ನು ಕೆಲವು ಕಡೆ ವಿಳಾಸದ ಕೊನೆಯ ಸಂಖ್ಯೆ ಒಂದು ಹೆಚ್ಚಿಸಿದರೆ ಪಕ್ಕದ ಮನೆಯವರ ದಾಖಲೆ ತೆರೆದುಕೊಳ್ಳುತ್ತದೆ!

"ಚಿತ್ರ ಯಾಕೆ, ಎಲ್ಲಾ ಟೈಪ್ ಮಾಡಿದ್ದೇವಲ್ಲ" ಅನ್ನುವವರಿದ್ದಾರೆ. ಭೂಮಿ ಯೋಜನೆಯನ್ನು ನಾನೂ ಹೊಗಳುತ್ತೇನೆ. 2000ದ ಆಸುಪಾಸಿನಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ್ದು ಸಣ್ಣ ಕೆಲಸವಲ್ಲ. 15 ರೂಪಾಯಿಗೆ ಪಹಣಿ ಕೈಗೆ ಬಂದಾಗ ನಮ್ಮ ಹಳ್ಳಿಗಳಲ್ಲಿ ಆದ ಆಶ್ಚರ್ಯ ನನಗೆ ನೆನಪಿದೆ. ಆದರೆ ಟೈಪ್ ಮಾಡಿದ್ದು ಒಂದು ಓದು ಮಾತ್ರ, ಅದೇ ಮೂಲವಲ್ಲ. ತಿಮ್ಮಪ್ಪ ಹೋಗಿ ತಿಪ್ಪಣ್ಣ ಆದರೆ, ಟೈಪಾದ ಹಾಳೆಯ ಪಕ್ಕದಲ್ಲಿ ಕೈಬರಹದ ಚಿತ್ರ ಇಲ್ಲದ ಕಾರಣ ರೈತ ಮತ್ತೆ ದಾಖಲೆ ಕೋಣೆಗೇ ಅಲೆಯಬೇಕು. 2024ರಲ್ಲಿ ರಾಜ್ಯ ಸರ್ಕಾರ ಭೂ ಸುರಕ್ಷಾ ಹೆಸರಿನಲ್ಲಿ ತಾಲೂಕು ಕಚೇರಿಗಳ ಹಳೇ ಕಡತಗಳನ್ನು ಸ್ಕ್ಯಾನ್ ಮಾಡಿಸಲು ಶುರುಮಾಡಿತು. ಬಹಳ ಒಳ್ಳೆಯ ಕೆಲಸ. ಹಾಗಿದ್ದರೆ ಸರ್ಕಾರವೇ ಕೊಟ್ಟ, ಸರ್ಕಾರವೇ ಇಟ್ಟುಕೊಂಡಿರುವ ಕಾಗದವನ್ನು ದೊಡ್ಡಪ್ಪ ಯಾಕೆ ಮತ್ತೆ ಮತ್ತೆ ಏರಿಸಬೇಕು? 2015ರಿಂದ ಡಿಜಿಲಾಕರ್ ಇದೆ. ಕೊಟ್ಟವರಿಂದಲೇ ನೇರ ತರಿಸಿಕೊಳ್ಳುವ ದಾರಿ ಇರುವ ಕಡೆ ಅದನ್ನು ಬಳಸದೆ "ಅಪ್‌ಲೋಡ್ ಮಾಡಿ" ಅನ್ನುವುದು ಬರೀ ಸೋಮಾರಿತನ.

ನನ್ನ ಕಸುಬಿನ ಗೆಳೆಯರು ಹೇಳುವುದು ಗೊತ್ತು. "ಲಕ್ಷಾಂತರ ಅರ್ಜಿ ಬರ್ತವೆ ಗುರು, ಜಾಗ ಎಲ್ಲಿದೆ?" ಅರ್ಜಿಗೆ 5 ಎಂಬಿಯಂತೆ 1 ಲಕ್ಷ ಅರ್ಜಿಗೆ 500 ಜಿಬಿ. ಮೂರು ಕಡೆ ಪ್ರತಿ ಇಟ್ಟರೂ 1500 ಜಿಬಿ. ಇದಕ್ಕಿಂತ ದೊಡ್ಡ ಡಿಸ್ಕು ಮದುವೆ ಫೋಟೋ ತೆಗೆಯುವ ಸ್ಟುಡಿಯೋದಲ್ಲೂ ಇರುತ್ತದೆ. "ಹಳ್ಳಿಯಲ್ಲಿ ನೆಟ್‌ವರ್ಕ್ ಇಲ್ಲ" ಅನ್ನುತ್ತಾರೆ. ಈ ಮಾತು ನಿಜ, ಮಳೆಗಾಲದಲ್ಲಿ ನಮ್ಮೂರಲ್ಲಿ ಫೋನ್ ಕರೆಯೇ ನಿಲ್ಲುವುದಿಲ್ಲ. ಹಾಗಾದರೆ ಕುಗ್ಗಿಸುವ ಕೆಲಸವನ್ನು ಬ್ರೌಸರಿನೊಳಗೇ, ಓದಲು ಬರುವ ಮಟ್ಟಕ್ಕೆ ಮಾತ್ರ ಮಾಡಿ. ಅರ್ಧಕ್ಕೆ ನಿಂತ ಫೈಲು ನಿಂತ ಕಡೆಯಿಂದ ಮುಂದುವರಿಯುವಂತೆ ಮಾಡಿ. ಎರಡಕ್ಕೂ ತಂತ್ರ ಇದ್ದು ವರ್ಷಗಳಾದವು. "ಭದ್ರತೆ" ಅನ್ನುತ್ತಾರೆ. ವೈರಸ್ಸಿಗೆ 50 ಕೆಬಿ ಧಾರಾಳ ಸಾಕು ಸ್ವಾಮಿ! ಹೆಸರಿನ ಬಾಲ ನೋಡದೆ ಫೈಲಿನ ಒಳಗಿನ ಗುರುತು ನೋಡಿ, ಲಾಗಿನ್ ಇಲ್ಲದೆ ತೆರೆಯದ ಜಾಗದಲ್ಲಿ ಇಡಿ. ಗಾತ್ರದ ಮಿತಿ ಬೇಕು, ಬೇಡ ಅನ್ನುವುದಿಲ್ಲ. ಅದು ಕಾಗದದ ಅಳತೆಗೆ ತಕ್ಕಂತಿರಲಿ.

ಬೇಕಾದದ್ದು ಇಷ್ಟೇ. ಬಂದ ಮೂಲವನ್ನು ಮುಟ್ಟದೆ ಇಡಿ. ತೋರಿಸಲು ಚಿಕ್ಕ ಪ್ರತಿ ಬೇರೆ ಮಾಡಿಕೊಳ್ಳಿ. ಪ್ರತಿ ಕಡತಕ್ಕೂ ಬದಲಾಗದ ಗುರುತು ಕೊಡಿ. ಎಲ್ಲಕ್ಕಿಂತ ಮುಖ್ಯವಾಗಿ, "ಸಲ್ಲಿಸಿ" ಗುಂಡಿ ಒತ್ತುವ ಮೊದಲು, ಆ ಕಡೆಯ ಗುಮಾಸ್ತರಿಗೆ ಕಾಣುವ ಚಿತ್ರವನ್ನೇ ಈ ಕಡೆಯ ರೈತನಿಗೂ ತೋರಿಸಿ. ಇದೇನು ದೊಡ್ಡ ಉಪಕಾರವಲ್ಲ. 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆಯ 7ನೇ ಕಲಮು, ಕಾಯ್ದಿಡಬೇಕಾದ ದಾಖಲೆಯನ್ನು ವಿದ್ಯುನ್ಮಾನ ರೂಪದಲ್ಲಿ ಇಡುವುದಾದರೆ ಅದು ಮುಂದೆಯೂ ಬಳಸಲು ಸಿಗಬೇಕು, ಮೂಲದ ಮಾಹಿತಿಯನ್ನು ನಿಖರವಾಗಿ ತೋರಿಸಬೇಕು ಅನ್ನುತ್ತದೆ. ಬೂದು ಚೌಕಗಳು ಯಾವ ಮಾಹಿತಿಯನ್ನು ನಿಖರವಾಗಿ ತೋರಿಸುತ್ತವೆ?

ದೊಡ್ಡಪ್ಪನ ಚೀಟಿಯನ್ನು ಕೊನೆಗೆ ನಾನೇ ಸ್ಕ್ಯಾನ್ ಮಾಡಿದೆ. ಬಣ್ಣ ತೆಗೆದು, ಬೂದು ಛಾಯೆಯನ್ನೂ ಬಿಟ್ಟು, ಬರೀ ಕಪ್ಪು ಬಿಳುಪು ಮಾಡಿ, ಫ್ಯಾಕ್ಸ್ ಯಂತ್ರಗಳಿಗಾಗಿ 1984ರಲ್ಲಿ ಬಂದ ಕುಗ್ಗಿಸುವ ವಿಧಾನದಲ್ಲಿ ಪಿಡಿಎಫ್ ಕಟ್ಟಿದೆ. 47 ಕೆಬಿ ಬಂತು, ಅಕ್ಷರ ಎಲ್ಲಾ ಕಾಣುತ್ತಿತ್ತು. ಅರ್ಜಿ ಸ್ವೀಕೃತವಾಯಿತು. ಮನೆಯವರೆಲ್ಲಾ ನನ್ನನ್ನು ಹೊಗಳಿದರು. ನನಗೆ ಮಾತ್ರ ನಾಚಿಕೆಯಾಯಿತು. ಪಕ್ಕದ ಮನೆಯವರಿಗೆ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದ ತಮ್ಮನ ಮಗ ಇಲ್ಲವಲ್ಲ... ಅವರ ಅರ್ಜಿ ಇನ್ನೂ "ಅಸ್ಪಷ್ಟ"ವಾಗಿಯೇ ಇದೆ.

ನೀವೂ ಇಂಥ ಪುಟಗಳನ್ನು ಕಟ್ಟುವವರಾಗಿದ್ದರೆ ನಾಳೆ ಕಚೇರಿಗೆ ಹೋದ ತಕ್ಷಣ ಒಂದು ಕೆಲಸ ಮಾಡಿ. ನಿಮ್ಮ ಪ್ರೋಗ್ರಾಮಿನಲ್ಲಿ 50 ಅಂತ ಬರೆದ ಆ ಸಾಲನ್ನು ಹುಡುಕಿ, ಇದನ್ನು ಯಾರು, ಯಾಕೆ ಬರೆದರು ಅಂತ ಕೇಳಿ. ಉತ್ತರ ಯಾರಿಗೂ ಗೊತ್ತಿಲ್ಲದಿದ್ದರೆ ಅಳಿಸಿಬಿಡಿ. ನಾನು ಬರೆದದ್ದನ್ನು ಅಳಿಸಲು ನನಗೆ ಈಗ ದಾರಿ ಇಲ್ಲ, ಆ ಕಂಪನಿ ಬಿಟ್ಟು ಬಹಳ ವರ್ಷವಾಯಿತು. ಆ ಸಾಲು ಈಗಲೂ ಎಲ್ಲೋ ಯಾರದ್ದೋ ಅಜ್ಜನ ಹೆಸರನ್ನು ಒರೆಸುತ್ತಾ ಕೂತಿರಬಹುದು.