ಆಪರೇಶನ್ನಿಗೆ ಮೊದಲಿನ ಊಟ

ಮಗುವಿಗೆ ಆಪರೇಶನ್ ಎಂದು ಗೊತ್ತಾದ ಕೂಡಲೆ ನಮ್ಮ ಮನೆಗಳಲ್ಲಿ ಪಥ್ಯ ಶುರುವಾಗುತ್ತದೆ. ಮೊಟ್ಟೆ ಉಷ್ಣ, ಮೊಸರು ಶೀತ, ಬೇಳೆ ವಾಯು. ಕೊನೆಗೆ ಉಳಿಯುವುದು ಗಂಜಿ. ಆದರೆ ಗಾಯ ಮಾಯಲು ಬೇಕಾದ ಪ್ರೋಟೀನು ಮೊದಲೇ ಮೈಯಲ್ಲಿರಬೇಕು.

ಸೀಳುತುಟಿಯ ಕೂಸುಗಳಿಗೆ ವೈದ್ಯರು ಬಹುಕಾಲದಿಂದ ಬಳಸುವ ಲೆಕ್ಕವೊಂದಿದೆ: 10 ವಾರದ ವಯಸ್ಸು, 10 ಪೌಂಡು, ಅಂದರೆ ಸುಮಾರು ನಾಲ್ಕೂವರೆ ಕಿಲೋ ತೂಕ, ರಕ್ತದಲ್ಲಿ 10 ಗ್ರಾಂ ಹಿಮೋಗ್ಲೋಬಿನ್. ಕೂಸಿಗೆ ಚೀಪಲಾಗದಿದ್ದರೆ ತಾಯಿ ಹಾಲು ಹಿಂಡಿ ಚಮಚದಿಂದ ಕುಡಿಸಬೇಕು.

ಜೊಯಿಡಾದಿಂದ ದಾಂಡೇಲಿ, ಹಳಿಯಾಳ ದಾಟಿ ಧಾರವಾಡಕ್ಕೋ, ಮುಂಡಗೋಡಿನಿಂದ ಹುಬ್ಬಳ್ಳಿಗೋ ಹೋದ ಮೇಲೆ ‘ರಕ್ತ ಕಡಿಮೆಯಿದೆ, ಮುಂದಿನ ತಿಂಗಳು ಬನ್ನಿ’ ಎನ್ನಿಸಿಕೊಂಡರೆ ಬಸ್ ಚಾರ್ಜೂ ಹೋಯಿತು, ಕೂಲಿಯೂ ಹೋಯಿತು. ತಾರೀಖು ಗೊತ್ತಾದೊಡನೆ ರಕ್ತಪರೀಕ್ಷೆ ಮಾಡಿಸಿ. ಕಬ್ಬಿಣಾಂಶದ ಔಷಧಿ ಎರಡು ದಿನದಲ್ಲಿ ರಕ್ತ ಹೆಚ್ಚಿಸದು, ವಾರಗಳೇ ಬೇಕು.

ಟಾನ್ಸಿಲ್, ಹರ್ನಿಯಾ ಎಂದು ಕಾದಿರುವ ಶಾಲೆಯ ಮಕ್ಕಳಿಗೆ ಜೊಯಿಡಾದ ಗೆಡ್ಡೆಗೆಣಸು ಒಳ್ಳೆಯದೇ. ಶಕ್ತಿ ಕೊಡುತ್ತದೆ, ಪ್ರೋಟೀನು ಮಾತ್ರ ಕಡಿಮೆ. ಜೊತೆಗೆ ಹುರುಳಿ, ಹೆಸರುಕಾಳು, ಸೊಪ್ಪು, ಮೊಟ್ಟೆ, ಮೀನು ಇರಲಿ. ಊಟಕ್ಕೆ ನಿಂಬೆ ಹಿಂಡಿ. ಊಟದೊಡನೆ ಚಹಾ ಬೇಡ, ಅದು ಕಬ್ಬಿಣಾಂಶ ಮೈಗೆ ಹತ್ತಗೊಡದು. ಮನೆಯಲ್ಲಿ ಎಮ್ಮೆಯಿದ್ದರೆ ಡೇರಿಗೆ ಹಾಕಿ ಉಳಿದದ್ದಲ್ಲ, ಮೊದಲ ಲೋಟವೇ ಮಗುವಿಗೆ.

ಉಪವಾಸವೇನಿದ್ದರೂ ಕೊನೆಯ ಕೆಲವು ತಾಸು. ಸಾಮಾನ್ಯವಾಗಿ ಊಟ, ದನದ ಹಾಲು ಕನಿಷ್ಠ 6 ತಾಸು ಮೊದಲು, ತಾಯಿಹಾಲು 4 ತಾಸು ಮೊದಲು ನಿಲ್ಲಬೇಕು. ನೀರಿನ ಲೆಕ್ಕವನ್ನು ಅರಿವಳಿಕೆ ವೈದ್ಯರನ್ನೇ ಕೇಳಿ. ದಾರಿಯಲ್ಲಿ ಅಜ್ಜಿ ಕನಿಕರದಿಂದ ಒಂದು ಬಿಸ್ಕೀಟು ಕೊಟ್ಟಿದ್ದರೆ ಅದನ್ನೂ ಮುಚ್ಚಿಡದೆ ಹೇಳಿಬಿಡಿ.