ಕಾಯುತ್ತಾ ಕಳೆದುಕೊಳ್ಳುವ ವರ್ಷಗಳು

ಮಗುವಿಗೆ ನಾಲ್ಕು ತಿಂಗಳು ತುಂಬಿದರೂ ಕತ್ತು ನಿಲ್ಲುವುದಿಲ್ಲ. ಒಂಬತ್ತು ತಿಂಗಳಾದರೂ ಆಸರೆಯಿಲ್ಲದೆ ಕೂರುವುದಿಲ್ಲ. ಎತ್ತಿಕೊಂಡರೆ ಕಾಲುಗಳು ಕತ್ತರಿಯಂತೆ ಬಿಗಿದುಕೊಳ್ಳುತ್ತವೆ. ಆಗ ನಮ್ಮ ಮನೆಗಳಲ್ಲಿ ಕೇಳಿಬರುವ ಮೊದಲ ಮಾತು, 'ಕೆಲವು ಮಕ್ಕಳು ನಿಧಾನ' ಎಂಬುದು. ಅನಂತರ ತಾಯಿಯ ಮೇಲೆ ದೋಷಾರೋಪ, ಬಳಿಕ ತಾಯಿತಕ್ಕಾಗಿ ಅಲೆದಾಟ. ಇವೆಲ್ಲ ಮುಗಿಯುವಷ್ಟರಲ್ಲಿ ಅಮೂಲ್ಯವಾದ ಎರಡು ಮೂರು ವರ್ಷಗಳು ಸರಿದುಹೋಗಿರುತ್ತವೆ.

ಸೆರೆಬ್ರಲ್ ಪಾಲ್ಸಿ ಯಾರ ಪಾಪದ ಫಲವೂ ಅಲ್ಲ. ಗರ್ಭದಲ್ಲಿ, ಹೆರಿಗೆಯ ವೇಳೆ ಅಥವಾ ಹುಟ್ಟಿದ ಸ್ವಲ್ಪ ಕಾಲದಲ್ಲಿ ಎಳೆಯ ಮೆದುಳಿಗೆ ತಗಲುವ ಹಾನಿಯೇ ಅದು. ಅವಧಿಪೂರ್ವ ಹೆರಿಗೆ, ಸೋಂಕು, ನವಜಾತ ಶಿಶುವಿನ ತೀವ್ರ ಕಾಮಾಲೆ ಇದಕ್ಕೆ ಕಾರಣವಾಗಬಲ್ಲವು. ಆ ಹಾನಿಯನ್ನು ಅಳಿಸುವ ಔಷಧವಿಲ್ಲ. ಆದರೆ ಅದು ತಾನಾಗಿ ಬೆಳೆಯುವುದೂ ಇಲ್ಲ. ಆರೈಕೆ ಸಿಗದಿದ್ದರೆ ಉಲ್ಬಣಿಸುವುದು ಅದರ ಪರಿಣಾಮ. ಸ್ನಾಯುಗಳು ಬಿಗಿದು ಕುಗ್ಗುತ್ತವೆ, ಕೀಲುಗಳು ಮಡಚಿಕೊಳ್ಳುತ್ತವೆ.

ಮೆದುಳು ಅತ್ಯಂತ ವೇಗವಾಗಿ ಕಲಿಯುವುದು ಮೊದಲ ವರ್ಷಗಳಲ್ಲಿ. ಫಿಸಿಯೋಥೆರಪಿ ಆಗಲೇ ಆರಂಭವಾಗಬೇಕು. ಎಲ್ಲ ಮಕ್ಕಳೂ ನಡೆದಾಡುತ್ತಾರೆಂದು ಯಾರೂ ಭರವಸೆ ನೀಡಲಾರರು. ಆದರೆ ನೆಟ್ಟಗೆ ಕೂರುವುದು, ಸ್ವಂತ ಕೈಯಿಂದ ಉಣ್ಣುವುದು, ಶಾಲೆಗೆ ಹೋಗುವುದು ಸಣ್ಣ ಸಾಧನೆಗಳೇ?

ತಜ್ಞರು ವಾರದಲ್ಲಿ ಒಂದೆರಡು ಗಂಟೆ ಕಲಿಸಿಕೊಡಬಹುದು, ಉಳಿದ ಸಮಯವೆಲ್ಲ ಮನೆಯದ್ದು. ಬಿಗಿದ ಕಾಲುಗಳ ಮಗುವನ್ನು ಕಾಲು ಅಗಲಿಸಿ ಸೊಂಟದ ಮೇಲೆ ಎತ್ತಿಕೊಳ್ಳುವುದು, ನೇರವಾಗಿ ಕೂರಿಸಿ ಉಣಿಸುವುದು, ಆಟಿಕೆಯತ್ತ ಕೈಚಾಚಲು ಪ್ರೇರೇಪಿಸುವುದು, ಇವೇ ನಿತ್ಯದ ಚಿಕಿತ್ಸೆ. ಆದರೆ ಈ ಭಾರವನ್ನು ನಾವು ತಾಯಿಯೊಬ್ಬಳ ಹೆಗಲಿಗೆ ಹೊರಿಸಿದ್ದೇವೆ. ತಂದೆ, ಅಜ್ಜ, ಅಜ್ಜಿ, ಚಿಕ್ಕಪ್ಪಂದಿರಿಗೆ ಇದರಲ್ಲಿ ಪಾಲಿಲ್ಲವೇ?

ಸೌಲಭ್ಯಗಳು ಇಲ್ಲವೆಂದಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ಇಂತಹ ಮಕ್ಕಳಿಗೆ ಶೀಘ್ರ ಆರೈಕೆ ಕೇಂದ್ರಗಳ ವ್ಯವಸ್ಥೆಯಿದೆ. ನಿರಾಮಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ನೆರವಾಗುತ್ತದೆ, ಥೆರಪಿಯ ಖರ್ಚೂ ಅದರಲ್ಲಿ ಸೇರಿದೆ. ಶೇ. 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯವುಳ್ಳ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣವನ್ನು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಖಾತರಿಪಡಿಸಿದೆ. ಕೊರತೆಯಿರುವುದು ಈ ಮಾಹಿತಿ ಮನೆಬಾಗಿಲಿಗೆ ತಲುಪುವುದರಲ್ಲಿ.

ಮದುವೆ ಹಾಲ್‌ಗಳಿಗೆ ಲಕ್ಷಾಂತರ ರೂಪಾಯಿ ಸುರಿಯುವ ಸಮುದಾಯಕ್ಕೆ, ಬಡಮನೆಯ ಮಗುವನ್ನು ವಾರಕ್ಕೊಮ್ಮೆ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯುವ ವಾಹನವೊಂದು ಹೊರೆಯಾಗದು. ಪ್ರತಿ ಜಮಾಅತ್ ತನ್ನ ವ್ಯಾಪ್ತಿಯಲ್ಲಿ ಇಂತಹ ಮಕ್ಕಳು ಎಷ್ಟಿದ್ದಾರೆಂದು ಮೊದಲು ಎಣಿಸಲಿ. ಒಳಕೋಣೆಯಲ್ಲಿ ಬಚ್ಚಿಟ್ಟ ಮಗುವಿಗೆ ಅನುಕಂಪ ಬೇಕಿಲ್ಲ, ಚಿಕಿತ್ಸೆ ಬೇಕು. ಅದೂ ಇಂದೇ ಬೇಕು.